ಡೆಕ್ ಆಗಿ ಬಡ್ತಿ ಪಡೆದ ಕಣದೊಂದಿಗೆ

ಆಲೂರು ತಾಲ್ಲೂಕಿನ ಕುಂದೂರು ಹೋಬಳಿ ಕಡೆ ಗುಡ್ಡವೆಂದ ಮೇಲೆ ಇಳಿಜಾರೇ. ತೋಟದ ನಡುವೆ ಒಂದಿಷ್ಟು ಮಟ್ಟಸವಾದ ಜಾಗ ಕಂಡಿತೆಂದರೆ ಅದು ಕಾಫಿ ಕಣ ಎಂದು ಕಣ್ಣು ಮುಚ್ಚಿ ಹೇಳಬಹುದಿತ್ತು. ಈಗ ಕಣ್ಣು ಬಿಟ್ಟು ನೋಡಬೇಕು. ಅದು ಹೋಂಸ್ಟೇಯ ಈಜುಕೊಳವೂ ಆಗಿರಬಹುದು.

ನಮ್ಮ ಗೃಹಾಲಂಕಾರ ವಿಶೇಷಾಂಕಕ್ಕೆ ‘ನಿಮ್ಮ ಪೂಲ್ ಡೆಕ್: ಆರೈಕೆಯ ಗುಟ್ಟುಗಳು’ ಎಂಬ ಲೇಖನ ಬೇಕೆಂದು ಸಂಪಾದಕರು ಅಪ್ಪಣೆ ಮಾಡಿದ್ದರು. ತಜ್ಞರೊಬ್ಬರ ಮಾತು ಕಡ್ಡಾಯ. ಅಲ್ಲಿನ ಒಂದು ಹೋಂಸ್ಟೇ ಕೊಳದ ಕಂಟ್ರಾಕ್ಟರು ಫೋನ್ ಎತ್ತಲಿಲ್ಲ. ನಕ್ಷೆ ಬರೆದ ಆರ್ಕಿಟೆಕ್ಟ್ ಬೆಂಗಳೂರು ಬಿಟ್ಟು ಬರುವುದಿಲ್ಲ ಎಂದರು. ಮಾಲೀಕರು ಹೇಳಿದ್ದೆಲ್ಲ ಅವರ ಜಾಹೀರಾತಿನಲ್ಲೇ ಇತ್ತು. ಕೊನೆಗೆ ಡೆಕ್ಕನ್ನೇ ಮಾತಾಡಿಸಿದೆವು. ಅತಿಥಿಗಳು ಊಟಕ್ಕೆ ಎದ್ದುಹೋದ ಹೊತ್ತು ಅದಕ್ಕೂ ಬಿಡುವಿತ್ತು.

ಪ್ರಶ್ನೆ: ನಮಸ್ಕಾರ. ತಾವು ಡೆಕ್ ಆಗಿ ಸೇವೆಗೆ ಸೇರಿ ಎಷ್ಟು ಕಾಲವಾಯಿತು?

ಕಣ: ಡೆಕ್ ಅಂತ ಕೂಗಿದ್ರೆ ನಂಗೆ ಓಗೊಡೋ ರೂಢಿ ಇನ್ನೂ ಬಂದಿಲ್ಲ ಕಣಪ್ಪ. ನಾನು ಕಣ. ದೊಡ್ಡಗೌಡ್ರ ಅಪ್ಪನ ಕಾಲದಲ್ಲಿ ಗುಡ್ಡ ಕಡಿದು ಮಟ್ಟ ಮಾಡಿದ್ದು. ಆಗ ಬರೀ ಮಣ್ಣು. ಭತ್ತ ಬಡಿದ್ರು, ರಾಗಿ ಮೇಲೆ ರೋಣಗಲ್ಲು ಹೊಡೆದ್ರು, ತೋಟ ಫಸಲಿಗೆ ಬಂದ ಮೇಲೆ ಕಾಫಿ ಹರವಿದ್ರು. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಅವ್ರ ಕಾಫಿ ಸುಟ್ಟೋಯ್ತಲ್ಲ, ಇಲ್ಲಿ ಬೆಲೆ ಎದ್ದು ಕೂತ್ಕೊಂತು. ಬ್ರೆಜಿಲ್‌ಗೆ ಹಿಮ ಬಿತ್ತು, ಮುಂದಿನ ವರ್ಷ ಕುಂದೂರಲ್ಲಿ ನಂಗೆ ಸಿಮೆಂಟ್ ಬಿತ್ತು. ಕೊರೋನಾ ಕಳೆದ ಮೇಲೆ ದೊಡ್ಡಗೌಡ್ರ ಮೊಮ್ಮಗ ಬೆಂಗಳೂರಿಂದ ಬಂದ. ನನ್ನ ನಡುಹೊಟ್ಟೆ ಬಗೆದು ನೀರು ತುಂಬಿಸಿದ. ಸುತ್ತ ಉಳಿದಿರೋ ಅಂಚು ಐತಲ್ಲ, ಅದಕ್ಕೆ ಡೆಕ್ ಅಂತಾರೆ.

ಪ್ರಶ್ನೆ: ಅಷ್ಟು ದೊಡ್ಡ ತೋಟದಲ್ಲಿ ತಮ್ಮನ್ನೇ ಆರಿಸಿದ್ದು ಯಾಕೆ?

ಕಣ: ಮಟ್ಟದ ಜಾಗ. ಮರ ಕಡಿಯೋ ರಗಳೆ ಇಲ್ಲ. ಮನೆ ಬಾಗ್ಲಿಗೆ ಕಾಣ್ತದೆ, ಜೀಪು ಬರೋ ದಾರಿ ಐತೆ, ಹೊತ್ತು ಮೂಡಿದಾಗಿಂದ ಮುಳುಗೋ ತನಕ ಬಿಸ್ಲು. ಕಾಫಿಗೆ ಬೇಕಾಗಿದ್ದೂ ಅದೇ, ಬೆಂಗಳೂರೋರಿಗೆ ಬೇಕಾಗಿದ್ದೂ ಅದೇ. ಚೆರಿ ಕಾಫಿ ಹದಿನೈದು ದಿನ ಬಿದ್ದಿದ್ದು ಒಣಗ್ತಿತ್ತು, ಇವ್ರು ಎರಡು ದಿನಕ್ಕೇ ಎದ್ದು ಹೋಯ್ತಾರೆ. ಕಾಫೀನ ಗಂಟೆಗೊಂದ್ಸಲ ಆಳು ಬಂದು ಕೈಯಾಡಿಸಬೇಕಿತ್ತು. ಇವ್ರು ತಾವೇ ಮಗ್ಗುಲು ಬದ್ಲಾಯಿಸ್ತಾರೆ, ಅಷ್ಟು ಉಳಿತಾಯ.

ಪ್ರಶ್ನೆ: ಪೂಲ್ ಎನ್ನುವುದು ಈ ಮನೆತನಕ್ಕೆ ಹೊಸ ಅನುಭವ ಅಲ್ಲವೇ?

ಕಣ: ಯಾರು ಹೇಳಿದ್ದು? ನನ್ನ ಮೇಲೆ ಒಣಗಿದ್ದೆಲ್ಲ ಎಷ್ಟೋ ವರ್ಷ ಪೂಲ್‌ಗೇ ಹೋಗಿದ್ದು. ಕಾಫಿ ಬೋರ್ಡಿನ ಪೂಲ್. ಎರಡನೇ ಮಹಾಯುದ್ಧದ ಕಾಲದಲ್ಲಿ ಶುರುವಾಯ್ತು. ಬೆಳೆದೋನು ತನ್ನ ಕಾಫೀನ ತಾನೇ ಮಾರೋ ಹಂಗಿರಲಿಲ್ಲ, ತಗೊಂಡೋಗಿ ಬೋರ್ಡಿಗೆ ಒಪ್ಪಿಸಬೇಕು. ಬೋರ್ಡ್ನೋರು ಹರಾಜು ಹಾಕಿ, ಲೆಕ್ಕ ಹಾಕಿ, ಪಾಯಿಂಟು ಕಟ್ಟಿ, ಕಂತುಕಂತಲ್ಲಿ ದುಡ್ಡು ಕೊಡೋರು. ದೊಡ್ಡಗೌಡ್ರು ಈ ಕಟ್ಟೆ ಮೇಲೆ ಕೂತು ಹೋದ ವರ್ಷದ ಕಾಫಿ ಕಂತಿಗೆ ಕಾಯ್ತಾ ಈ ವರ್ಷದ ಕಾಫಿ ಒಣಗಿಸೋರು. 1996ಕ್ಕೆ ಆ ಪೂಲ್ ಪೂರ್ತಿ ಮುಚ್ಚೋಯ್ತು. ಈಗ ಮೊಮ್ಮಗ ತೆಗೆಸಿದ್ದು ಎರಡನೇ ಪೂಲ್. ಇದಕ್ಕೂ ಕಂತೈತೆ. ಬ್ಯಾಂಕಿನದು. ಅದು ಮನೆಗೆ ಬರೋ ಕಂತಲ್ಲ, ಮನೆಯಿಂದ ಹೋಗೋ ಕಂತು.

ಪ್ರಶ್ನೆ: ನಮ್ಮ ಓದುಗರ ಮುಖ್ಯ ಸಮಸ್ಯೆ ಪಾಚಿ. ಮಳೆಗಾಲದಲ್ಲಿ ತಾವು ಪಾಚಿಯನ್ನು ಹೇಗೆ ನಿಭಾಯಿಸುತ್ತಿದ್ದಿರಿ?

ಕಣ: ನಿಭಾಯಿಸ್ತಿರಲಿಲ್ಲ. ಕಟ್ಟು ಅಂತ ಬಿಡ್ತಿದ್ದೆ. ಜೂನಿಂದ ನಾಲ್ಕು ತಿಂಗ್ಳು ನಂಗೆ ರಜೆ. ಕಪ್ಪಗೆ ಪಾಚಿ ಕಟ್ಟಿ, ಸಂದಿಲಿ ಗರಿಕೆ ಬಂದು, ನಾಯಿ ಸೈತ ನನ್ನ ಮೇಲೆ ನಡೀತಿರಲಿಲ್ಲ. ದೀಪಾವಳಿ ಆಗಿ ನಾಲ್ಕು ಬಿಸ್ಲು ಕಾದ್ರೆ ಆ ಪಾಚಿ ತಾನೇ ಹಪ್ಪಳ ಎದ್ದು ಬರೋದು. ಲೈನ್ ಮನೆ ಹೆಂಗಸ್ರು ಕಡ್ಡಿ ಪೊರಕೆ ತಂದು ಒಂದು ಬೆಳಗ್ಗೆ ಉಜ್ಜಿ ನೀರು ಹೊಡೆದ್ರೆ ಮುಗೀತು. ಮಣ್ಣಿನ ಕಾಲದಲ್ಲಾದ್ರೆ ಇನ್ನೂ ಕೆಲಸ ಇತ್ತು. ಹುಲ್ಲು ಕೆತ್ತಿ, ನೀರು ಚಿಮುಕಿಸಿ, ದಿಮ್ಮಸು ಹಾಕಿ ಬಡಿದು, ಬಿರುಕಿಗೆಲ್ಲ ಸಗಣಿ ಬಗ್ಗಡ ಕುಡಿಸಿ ಸಾರಿಸಬೇಕಿತ್ತು. ಸಿಮೆಂಟ್ ಬಂದ ಮೇಲೆ ಸಗಣಿ ನಿಂತೋಯ್ತು. ನಿಂತಿದ್ದೇ ವಾಸಿ. ನೆಲದ ಮಣ್ಣು ತಾಗಿದ ಕಾಫಿಗೆ ಬೂಷ್ಟು ಬತ್ತದೆ ಅಂತ ಕಾಫಿ ಬೋರ್ಡ್ನೋರು ಗಂಟ್ಲು ಹರ್ಕೊಂಡು ಹೇಳಿದ್ರು.

ಈಗ ರಜೆ ಇಲ್ಲ. ಮಳೆಗಾಲಕ್ಕೇ ಒಂದು ಪ್ಯಾಕೇಜ್ ಮಾಡವ್ರೆ. ಸುರಿಯೋ ಮಳೇಲಿ ನೆಂದ್ಕೊಂಡು ನೀರಿಗಿಳಿಯೋಕೆ ಜನ ದುಡ್ಡು ಕೊಡ್ತಾರೆ. ಪಾಚಿ ಕಟ್ಟೋ ತಿಂಗ್ಳಲ್ಲೇ ಬರಿಗಾಲಲ್ಲಿ ಓಡಾಡ್ತಾರೆ. ಸಮಸ್ಯೆ ಪಾಚೀದಲ್ಲ, ಕ್ಯಾಲೆಂಡರ್‌ದು.

ಪ್ರಶ್ನೆ: ಆದರೂ ಡೆಕ್‌ಗೆ ದುಬಾರಿ ಟೈಲ್ಸ್ ಹಾಕಿಸಿದ್ದಾರಲ್ಲ?

ಕಣ: ಹಾಕಿಸಿದ್ರು. ನನ್ನ ಸಿಮೆಂಟ್ ಮೈ ಒರಟು, ಕಾಲಿಗೆ ಚುಚ್ಚುತ್ತೆ ಅಂದ್ರು. ಮೇಸ್ತ್ರಿ ಬೇಕಂತಲೇ ನಯ ಮಾಡದೆ ಬಿಟ್ಟಿದ್ದ ಕಣಪ್ಪ, ನೆಂದ ಕಾಲು ನಿಲ್ಲಲಿ ಅಂತ. ಗುಜರಾತಿಂದ ಫಳಫಳ ಟೈಲ್ಸ್ ಬಂತು. ಅದ್ರಲ್ಲಿ ಮುಖ ನೋಡ್ಕೊಂಡು ಬೈತಲೆ ತೆಗೀಬೋದು, ನಡೆಯೋಕಾಗಲ್ಲ. ಗೃಹಪ್ರವೇಶದ ದಿನ ಮೊದಲು ಜಾರಿದ್ದು ಯಾರು ಗೊತ್ತಾ? ಟೈಲ್ಸ್ ಆರಿಸಿದ ಆರ್ಕಿಟೆಕ್ಟ್. ಆ ಮೇಲೆ ಆತ ಸ್ಥಳ ಪರಿಶೀಲನೆ ಎಲ್ಲಾ ವಿಡಿಯೋ ಕಾಲಲ್ಲೇ ಮಾಡ್ತಾನೆ.

ನೀವು ಬರ್ಕೊಳ್ಳಿ: ನೀರಿನ ಅಂಚಿಗೆ ಪಾಲಿಶ್ ಮಾಡಿದ ಕಲ್ಲೂ ಬ್ಯಾಡ, ಪಾಲಿಶ್ ಟೈಲ್ಸೂ ಬ್ಯಾಡ. ಗ್ರಾನೈಟೇ ಬೇಕು ಅಂದ್ರೆ ಬೆಂಕಿ ತೋರಿಸಿ ಒರಟು ಮಾಡಿದ್ದು ಸಿಗ್ತದೆ, ಅದನ್ನ ಹಾಕಿಸಿ. ಅದೂ ದುಡ್ಡು ಕೊಟ್ಟು ಕೊಳ್ಳೋ ಒರಟು. ನನ್ನ ಹತ್ರ ಪುಕ್ಕಟೆ ಇತ್ತು.

ಪ್ರಶ್ನೆ: ಜಾರುವುದನ್ನು ತಡೆಯಲು ಮಾಲೀಕರು ಏನು ಕ್ರಮ ಕೈಗೊಂಡರು?

ಕಣ: ಕ್ರಮ! ಪ್ಲಾಸ್ಟಿಕ್ ಹುಲ್ಲು ಹಾಸಿದ್ರು. ಸುತ್ತ ಎತ್ತ ನೋಡಿದ್ರೂ ಹುಲ್ಲೇ ಇರೋ ಊರಿಗೆ ಹುಲ್ಲಿನ ಸುರುಳಿ ಲಾರೀಲಿ ಬಂತು. ಅದ್ರ ಕೆಳಗೆ ನೀರು ಸೇರ್ಕೊಂತು, ಬಿಸ್ಲು ತಾಗಲ್ಲ, ಗಾಳಿ ಆಡಲ್ಲ. ಮೇಲೆ ಹಸಿರು, ಒಳಗೆ ಕೊಳೆ. ಆಗಸ್ಟ್‌ನಲ್ಲಿ ಒಂದಿನ ಇಲ್ಲಿ ಕೆಲಸಕ್ಕಿರೋ ಅಸ್ಸಾಮಿನ ಹುಡ್ಗ ಮೂಲೆ ಹಿಡಿದು ಎತ್ತಿದ. ಕೆಳಗೆ ಕರೀ ಲೋಳೆ, ಬೆರಳು ದಪ್ಪದ ಎರೆಹುಳ, ಕೊಳೆತೂ ಕೊಳೆಯದ ಸಿಲ್ವರ್ ಓಕ್ ಎಲೆ, ಯಾವುದೋ ಮಗೂದು ಒಂದು ಕಾಲ್ಗೆಜ್ಜೆ, ಜೊತೆಗೆ ನಿಗುರ್ಕೊಂಡು ನಿಂತ ಇಂಬಳ. ಒಂದಲ್ಲ, ಮಂದೆ. ಅವತ್ತು ಕೊಳದಿಂದ ಮೇಲೆ ಬಂದ ಹೆಣ್ಮಗಳೊಬ್ಳು ಕಾಲು ನೋಡ್ಕೊಂಡು ಕಿರುಚಿದ್ದು ಪಾಳ್ಯದ ತನಕ ಕೇಳಿರಬೇಕು. ಹೋಂಸ್ಟೇಗೆ ಅವಳು ಕೊಟ್ಟಿದ್ದು ಒಂದೇ ನಕ್ಷತ್ರ. ಇಂಬಳಕ್ಕೆ ಎಷ್ಟು ಕೊಟ್ಳೋ ಗೊತ್ತಿಲ್ಲ.

ಪ್ರಶ್ನೆ: ಶುಚಿಗೊಳಿಸಲು ಯಾವ ರಾಸಾಯನಿಕ ಶಿಫಾರಸು ಮಾಡುತ್ತೀರಿ?

ಕಣ: ಪೊರಕೆ.

ಪ್ರಶ್ನೆ: ಅದು ರಾಸಾಯನಿಕವಲ್ಲ.

ಕಣ: ಅದಕ್ಕೇ ಶಿಫಾರಸು ಮಾಡಿದ್ದು. ಇವ್ರು ಮೊದ್ಲು ಕಕ್ಕಸಿಗೆ ಹಾಕೋ ಆಸಿಡ್ ತಂದು ಸುರಿದ್ರು. ಬುಸ್ಸಂತ ನೊರೆ ಬಂತು, ಕೊಳೆ ಹೋಯ್ತು ಅಂತ ಚಪ್ಪಾಳೆ ತಟ್ಟಿದ್ರು. ನೊರೆ ಬಂದಿದ್ದು ಕೊಳೆಗಲ್ಲ, ಟೈಲ್ಸ್ ಸಂದಿಗೆ ತುಂಬಿದ್ದ ಸಿಮೆಂಟಿಗೆ. ಆಸಿಡ್ ಅದನ್ನ ತಿಂತದೆ. ಕಡಪಾ ಕಲ್ಲು, ಶಹಾಬಾದ್ ಕಲ್ಲು, ಕೋಟಾ ಕಲ್ಲು ಹಾಕಿದ್ರೆ ಇನ್ನೂ ಕೇಡು. ಅವೆಲ್ಲ ಸುಣ್ಣದ ಜಾತಿ, ಮೈಯೇ ಕರಗ್ತದೆ. ಸಂದಿ ಬಾಯಿ ಬಿಟ್ಟ ಮೇಲೆ ಪ್ರೆಶರ್ ಗನ್ ತಂದ್ರು. ಅದು ಹತ್ತಿರ ಹಿಡಿದು ಹೊಡೆದ್ರೆ ಸಂದೀಲಿ ಉಳಿದಿದ್ದ ಮರಳೂ ಎದ್ದು ಹೋಯ್ತು. ಪಾಚಿಗೆ ಇನ್ನೇನು ಬೇಕು, ಕೂರೋಕೆ ಕುರ್ಚಿ ಹಾಕಿ ಕೊಟ್ಟಂಗಾಯ್ತು.

ಇನ್ನೊಂದು ಮಾತು, ಇದನ್ನ ದಪ್ಪ ಅಕ್ಷರದಲ್ಲಿ ಹಾಕಿ. ಒಂದಿನ ಆ ಹುಡ್ಗ ಬ್ಲೀಚಿಂಗ್ ಪೌಡರ್ ಎರಚಿದ ಮೇಲೇ ಆಸಿಡ್ ಹುಯ್ದ. ಹಳದಿಹಸಿರು ಹೊಗೆ ಎದ್ದು ಕೆಮ್ಮಿ ಕೆಮ್ಮಿ ಮೆಣಸಿನ ಬಳ್ಳಿ ಹತ್ರ ಹೋಗಿ ಕುಸಿದ. ಅತಿಥಿಯಾಗಿ ಬಂದಿದ್ದ ಮೇಷ್ಟ್ರೊಬ್ರು ಅವನನ್ನ ಗಾಳಿಗೆ ಎಳೆದು ಕೂರ್ಸಿ, ‘ಇದು ಕ್ಲೋರಿನ್ ಅನಿಲ, 1915ರಲ್ಲಿ ಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟಿದ್ದು ಇದನ್ನೇ’ ಅಂದ್ರು. ಎರಡನ್ನೂ ಒಟ್ಟಿಗೆ ಮುಟ್ಟಬ್ಯಾಡಿ. ಮೊಮ್ಮಗ ಅವತ್ತು ಕೇಳಿದ್ದು ಒಂದೇ ಪ್ರಶ್ನೆ: ‘ಕಲೆ ಹೋಯ್ತಾ?’

ಪ್ರಶ್ನೆ: ಇಳಿಜಾರು ಮತ್ತು ನೀರಿನ ಹರಿವಿನ ಬಗ್ಗೆ ನಮ್ಮ ಓದುಗರಿಗೆ ಕುತೂಹಲವಿದೆ.

ಕಣ: ಹತ್ತಡಿಗೆ ಎರಡೂವರೆ ಇಂಚು ಇಳಿಸಿದ್ರೆ ನೀರು ಹರೀತದೆ, ಕಣ್ಣಿಗೂ ಕಾಣಲ್ಲ, ಕುರ್ಚಿನೂ ವಾಲಲ್ಲ. ಕೊಳದಿಂದ ಹೊರಕ್ಕೆ ಇಳೀಬೇಕು. ಒಳಕ್ಕೆ ಇಳಿದ್ರೆ ಕಾಲಿನ ಕೊಳೆಯೆಲ್ಲ ಕೊಳಕ್ಕೆ. ದೊಡ್ಡಗೌಡ್ರು ನನ್ನನ್ನ ಬಡಗಣ ಮೂಲೆಗೆ ಇಳಿಸಿ ಅಲ್ಲೊಂದು ಚರಂಡಿ ಬಿಟ್ಟಿದ್ರು. ಅಕಾಲದ ಮಳೆ ಬಂದ್ರೂ ಟಾರ್ಪಾಲ್ ಮೇಲಿಂದ ನೀರು ಅತ್ಲಾಗೆ ಓಡೋದು. ಇವ್ರು ಆ ಮೂಲೇಲಿ ಒಂದು ಕಲ್ಲಿನ ಬುದ್ಧನ್ನ ಕೂರ್ಸಿ ಚರಂಡಿ ಮುಚ್ಚಿದ್ರು. ನೀರು ತೆಂಕ್ಲಾಗೆ ತಿರುಗ್ತು. ಅಲ್ಲಿ ಮೆಣಸಿನ ಬಳ್ಳಿ. ಬುಡದಲ್ಲಿ ನೀರು ನಿಂತ್ರೆ ಮೆಣಸಿಗೆ ಸೊರಗು ರೋಗ ಬರೋದು ಯಾವ ಕೂಲಿಯವನಿಗಾದ್ರೂ ಗೊತ್ತು. ಸಾಲಿಗೆ ಸಾಲೇ ಒಣಗ್ತು. ಬುದ್ಧ ಏನೂ ಅನ್ನಲಿಲ್ಲ, ಕಣ್ಣು ಮುಚ್ಕೊಂಡೇ ಅವ್ನೆ.

ಪ್ರಶ್ನೆ: ನೀರಿನ ಅಪವ್ಯಯದ ಬಗ್ಗೆ ಪರಿಸರವಾದಿಗಳ ಆಕ್ಷೇಪ ಇದೆ.

ಕಣ: ಲೆಕ್ಕ ಹಾಕಿ ಮಾತಾಡೋಣ. ಇಪ್ಪತ್ತಾರು ಅಡಿ ಉದ್ದ, ಹದಿಮೂರಡಿ ಅಗಲ, ನಾಲ್ಕಡಿ ಆಳ. ಸುಮಾರು 38 ಸಾವಿರ ಲೀಟರ್. ಹೂಮಳೆ ಕೈಕೊಟ್ಟ ವರ್ಷ ಕಾಫಿಗೆ ಸ್ಪ್ರಿಂಕ್ಲರ್ ಹೊಡೀತಾರಲ್ಲ, ಎಕರೆಗೆ ಒಂದಿಂಚು ನೀರು ಅಂದ್ರೆ ಒಂದು ಲಕ್ಷ ಲೀಟರಿಗೂ ಮೇಲೆ. ಈ ಕೊಳದ ನೀರೆಲ್ಲ ಬಗ್ಗಿಸಿದ್ರೂ ಅರ್ಧ ಎಕರೆ ಹೂವಾಗಲ್ಲ. ಕೊಳ ಕಳ್ಳ ಅಲ್ಲ. ಆದ್ರೆ ಸ್ಪ್ರಿಂಕ್ಲರೂ ಕೊಳವೂ ಒಂದೇ ಕೆರೆಗೆ, ಒಂದೇ ಮಾರ್ಚಿಗೆ ಬಾಯಿ ಹಾಕ್ತವೆ. 2024ರ ಮಾರ್ಚಲ್ಲಿ ಬೆಂಗಳೂರಲ್ಲಿ ನೀರಿಲ್ಲದೆ ಹೋಗಿ, ಈಜುಕೊಳಕ್ಕೆ ಕುಡಿಯೋ ನೀರು ಬಿಟ್ರೆ ಐದು ಸಾವಿರ ದಂಡ ಅಂತ ಜಲಮಂಡಳಿ ಆರ್ಡರ್ ಮಾಡ್ತು. ಆ ತಿಂಗ್ಳು ನಮ್ಮಲ್ಲಿ ರೂಮೇ ಇರಲಿಲ್ಲ. ದಂಡ ಕಟ್ಟೋ ಬದ್ಲು ಪೆಟ್ರೋಲ್ ಸುಟ್ಕೊಂಡು ಬಂದು ನಮ್ಮ ಕೆರೇಲಿ ಮುಳುಗಿದ್ರು. ಮರುದಿನ ಶೆಟ್ಟಿಹಳ್ಳಿಗೆ ಹೋದ್ರು. ಹೇಮಾವತಿ ಹಿನ್ನೀರಲ್ಲಿ ಮುಳುಗಿ ಏಳೋ ಚರ್ಚ್ ಐತಲ್ಲ, ಅದರ ಮುಂದೆ ಫೋಟೋ. ಮುಳುಗಿದ್ದನ್ನ ನೋಡೋದು, ನೋಡಿ ಬಂದು ಮುಳುಗೋದು.

ಪ್ರಶ್ನೆ: ಕೊಳದ ನೀರಿನ ಗುಣಮಟ್ಟ?

ಕಣ: ಅದ್ರಲ್ಲಿ ಇವ್ರನ್ನ ಬೈಯೋ ಹಂಗಿಲ್ಲ. ಗಾಜಿನ ಕೊಳವೇಲಿ ನೀರು ಹಿಡಿದು ಹನಿ ಹಾಕಿ ದಿನಕ್ಕೆರಡು ಸಲ ಬಣ್ಣ ನೋಡ್ತಾರೆ. ಪಿಎಚ್ 7.2ರಿಂದ 7.8ರ ಒಳಗಿರಬೇಕಂತೆ. ತೋಟದ ಮಣ್ಣಿನ ಪಿಎಚ್ ನೋಡಿ ಎಷ್ಟು ವರ್ಷ ಆಯ್ತು ಅಂತ ಕೇಳಿ ನೋಡಿ, ಮುಖ ತಿರುಗಿಸ್ತಾರೆ. ಬಾಳೆಹೊನ್ನೂರಲ್ಲಿ ಕಾಫಿ ಸಂಶೋಧನೆ 1925ರಿಂದ ನಡೀತೈತೆ. ನೂರು ವರ್ಷದಿಂದ ಬಾಗ್ಲು ತೆಗೆದೇ ಐತೆ. ಒಂದು ಚೀಲ ಮಣ್ಣು ತಗೊಂಡು ಹೋಗೋಕೆ ಪುರುಸೊತ್ತಿಲ್ಲ.

ಪ್ರಶ್ನೆ: ಕಾಮಗಾರಿಯ ಗುಣಮಟ್ಟ ಪರೀಕ್ಷೆ ನಡೆದಿತ್ತೆ?

ಕಣ: ನಡೀತು, ಸ್ವಲ್ಪ ತಡವಾಗಿ. ಟೈಲ್ಸ್ ಕೂರಿಸೋವಾಗ ಮೂಲೆಗೊಂದು ನಡುವಿಗೊಂದು ಸಿಮೆಂಟ್ ಗುಪ್ಪೆ ಇಟ್ಟು ಒತ್ತಿದ್ರು, ಅಡಿಯೆಲ್ಲ ಟೊಳ್ಳು. ಮೇಲೆ ನಿಂತು ಬೆರಳ ಗೆಣ್ಣಲ್ಲಿ ಕುಟ್ಟಿದ್ರೆ ಟೊಕಟೊಕ ಅಂತಿತ್ತು. ಯಾರೂ ಕುಟ್ಟಲಿಲ್ಲ. ಬ್ಯಾಸಗೇಲಿ ಒಂದು ರಾತ್ರಿ ಸಲಗ ಬಂತು. ಆಲೂರು ಕಡೆ 2014ರಲ್ಲಿ 22 ಆನೆ ಹಿಡಿದು ಸಾಗಿಸಿದ್ರಲ್ಲ, ಇನ್ನು ಬರಲ್ಲ ಅಂದ್ಕೊಂಡಿದ್ರು ಜನ. ಖಾಲಿಯಾದ ಜಾಗಕ್ಕೆ ಬೇರೆಯವು ಬಂದ್ವು. ಇದು ಕೊಳದ ಅಂಚಿಗೆ ಬಂದು ಸೊಂಡಿಲು ಇಳಿಬಿಟ್ಟು ಮೂಸ್ತು. ಕ್ಲೋರಿನ್ ವಾಸನೆಗೆ ಕಿವಿ ಕೊಡವಿ ಹಿಂದಕ್ಕೆ ಸರೀತು. ಸರಿದಿದ್ದು ಆ ಟೊಳ್ಳಿನ ಮೇಲೆ. ಒಂದು ಹೆಜ್ಜೆಗೆ ಎರಡು ಟೈಲ್ಸ್ ಲೆಕ್ಕದಲ್ಲಿ ಆಚೆ ಗೇಟಿನ ತನಕ ಪರೀಕ್ಷೆ ಮಾಡ್ಕೊಂಡು ಹೋಯ್ತು. ಕಂಟ್ರಾಕ್ಟರಿಗೆ ಫೋಟೋ ಕಳಿಸಿದ್ರೆ, ‘ಆನೆಗೆ ಗ್ಯಾರಂಟಿ ಕೊಟ್ಟಿಲ್ಲ ಸಾರ್’ ಅಂದ. ಆ ಒಡೆದ ಸಾಲಲ್ಲಿ ನನ್ನ ಹಳೇ ಸಿಮೆಂಟ್ ಕಾಣ್ತೈತೆ ನೋಡಿ. ಅದಕ್ಕೆ ಗೀರು ಬಿದ್ದಿಲ್ಲ. ಹುಡುಗ್ರು ಈಗ ಬೇಕಂತ ಅದ್ರ ಮೇಲೇ ಓಡಾಡ್ತಾರೆ, ಜಾರಲ್ಲ ಅಂತ.

ಪ್ರಶ್ನೆ: ಅತಿಥಿಗಳ ನಡವಳಿಕೆ ಹೇಗಿದೆ?

ಕಣ: ‘ಚಪ್ಪಲಿ ಹಾಕಿಕೊಂಡು ಬರಬಾರದು’ ಅಂತ ಇಂಗ್ಲಿಷಲ್ಲಿ ಬೋರ್ಡು ಹಾಕವ್ರೆ. ಬೋರ್ಡಿನ ಕೆಳಗೆ ಬೂಟು ಹಾಕ್ಕೊಂಡು ನಿಂತು ಫೋಟೋ ತೆಗೆಸ್ಕೋತಾರೆ. ಕಣಕ್ಕೆ ಚಪ್ಪಲಿ ಮೆಟ್ಟಿ ಬರಬಾರ್ದು ಅಂತ ಆಗಲೂ ಇತ್ತು. ದೊಡ್ಡಗೌಡ್ರು ಬೋರ್ಡು ಹಾಕ್ಸಿರಲಿಲ್ಲ, ಜಗಲಿಯಿಂದ ಒಂದು ಕೆಮ್ಮು ಕೆಮ್ಮೋರು. ರಾಶಿ ಮೇಲೆ ಸಗಣಿ ಬೆನಕನ್ನ ಇಟ್ಟು ಗರಿಕೆ ಸಿಗಿಸಿ ಕೈ ಮುಗಿಯೋ ತನಕ ಒಬ್ರೂ ಜೋರಾಗಿ ಮಾತಾಡ್ತಿರಲಿಲ್ಲ. ನಂಗೇನು ಅದರಿಂದ ದೇವರಾದೆ ಅನ್ನೋ ಭ್ರಮೆ ಇಲ್ಲ. ಆ ಮರ್ಯಾದೆ ನಂಗಲ್ಲ, ನನ್ನ ಮೇಲಿದ್ದ ವರ್ಷದ ಅನ್ನಕ್ಕೆ. ಜನವರೀಲಿ ನಡುರಾತ್ರಿ ಗುಡುಗಿದ್ರೆ ಮನೆಯೋರು, ರೈಟ್ರು, ಲೈನ್ ಮನೆಯೋರು ಎಲ್ಲಾ ಲಾಟೀನು ಹಿಡ್ಕೊಂಡು ಓಡಿ ಬರೋರು ಟಾರ್ಪಾಲ್ ಮುಚ್ಚೋಕೆ. ಅವತ್ತು ಗೌಡ್ರಮ್ಮನೂ ಒಂದು ತುದಿ, ಆಳಿನ ಹೆಂಡ್ತಿನೂ ಒಂದು ತುದಿ. ಬೆಳಗಾದ ಮೇಲೆ ಮತ್ತೆ ಅವರವರ ಜಾಗಕ್ಕೆ ಅವರವರು, ಕಾಫಿ ಲೋಟನೂ ಬೇರೆ ಬೇರೆ. ಅದನ್ನೂ ಬರ್ಕೊಳ್ಳಿ, ಹಳೇ ಕಾಲ ಅಂತ ಬರೀ ಹೊಗಳಿ ಬರೀಬ್ಯಾಡಿ.

ಈಗ ಗುಡುಗಿದ್ರೆ ಅತಿಥಿಗಳು ಮೊಬೈಲ್ ಹಿಡ್ಕೊಂಡು ಬರ್ತಾರೆ, ವಿಡಿಯೋ ಮಾಡೋಕೆ. ನನ್ನನ್ನ ಒರೆಸೋಕೆ ಆ ಅಸ್ಸಾಮಿನ ಹುಡ್ಗ. ಬೆಳಗ್ಗೆ ಐದಕ್ಕೆ ಬಂದು ಅತಿಥಿಗಳ ಕಣ್ಣಿಗೆ ಬೀಳದಂಗೆ ಮುಗಿಸಿ ಹೋಗಬೇಕು ಅಂತ ಅವನಿಗೆ ಕಟ್ಟಪ್ಪಣೆ. ಅವನೊಬ್ನೇ ಈ ಮನೇಲಿ ನನ್ನ ಮೇಲೆ ಬರಿಗಾಲಲ್ಲಿ ಮಂಡಿ ಊರಿ ಕೂರೋನು. ಎಲ್ಲಿ ಟೊಳ್ಳು, ಎಲ್ಲಿ ನೀರು ನಿಲ್ತದೆ, ಅವನಿಗೆ ಗೊತ್ತು. ಅವನನ್ನ ಯಾರೂ ಕೇಳಲ್ಲ. ನೀವೂ ನನ್ನ ಹತ್ರ ಬಂದ್ರಿ.

ಪ್ರಶ್ನೆ: (ಗಂಟಲು ಸರಿಮಾಡಿಕೊಂಡು) ಒಣಗಿದೆಯೋ ಇಲ್ಲವೋ ಎಂದು ಪರೀಕ್ಷಿಸಲು ಏನಾದರೂ ಸಾಧನ?

ಕಣ: ಡೆಕ್ಕಾ? ಅಂಗೈ ಸಾಕು. ಹೊತ್ತು ಮುಳುಗೋ ಮುಂಚೆ ಮೈ ಒಣಗಿದ್ರೆ ಪಾಚಿಗೆ ದಾರಿ ಇಲ್ಲ. ಕುರ್ಚಿ, ಚಾಪೆ, ಕುಂಡ ಎಲ್ಲಾ ಒಂದೇ ಕಡೆ ಇಟ್ಟು ಬಿಡಬ್ಯಾಡಿ, ಎತ್ತಿ ಗಾಳಿ ಆಡಿಸಿ. ಕಾಫಿಗಾದ್ರೆ ಬೇರೆ ಪರೀಕ್ಷೆ. ಚೆರಿ ಒಂದು ಹಿಡಿ ಕಿವಿ ಹತ್ರ ಆಡಿಸಿದ್ರೆ ಗಿಲಗಿಲ ಅನ್ನಬೇಕು. 40 ಲೀಟರಿನ ಅಳತೆ ಡಬ್ಬಕ್ಕೆ ತುಂಬಿ ದಿನಾ ತೂಗ್ತಿದ್ರು. ನೀರು ಆರಿದಂಗೆಲ್ಲ ತೂಕ ಇಳೀತಾ ಬರ್ತದೆ. ಎರಡು ದಿನ ಒಂದೇ ತೂಕ ನಿಂತ್ರೆ ಒಣಗ್ತು ಅಂತ ಅರ್ಥ. ಚೀಲ ಹೊಲಿ.

ಪ್ರಶ್ನೆ: ಕೊನೆಯದಾಗಿ, ಮುಂದಿನ ಯೋಜನೆ?

ಕಣ: 2024-25ರಲ್ಲಿ ಕಾಫಿ ಬೆಲೆ ಹಿಂದೆಂದೂ ಕಾಣದಷ್ಟು ಏರ್ತಲ್ಲ, ಮೊಮ್ಮಗನಿಗೆ ನಿದ್ದೆ ಹೋಯ್ತು. ತೋಟದಲ್ಲಿ ಹಣ್ಣೈತೆ, ಒಣಗಿಸೋಕೆ ಕಣ ಇಲ್ಲ. ಹಸಿ ಹಣ್ಣೇ ಮಾರಿದ್ರೆ ಲಾಭ ವ್ಯಾಪಾರಿಗೆ. ಕೊನೆಗೆ ಆರಾಮಕುರ್ಚಿಗಳನ್ನ ಒಂದು ಪಕ್ಕಕ್ಕೆ ಸರಿಸಿ ಉಳಿದ ಅರ್ಧಕ್ಕೆ ರೊಬಸ್ಟಾ ಹರವಿದ. ಅತಿಥಿಗಳು ಕಾಲಿಡೋಕೆ ಜಾಗ ಇಲ್ಲ ಅಂತ ಗೊಣಗಿದ್ರು. ಮೊಮ್ಮಗ ಚುರುಕು. ಮರುದಿನ ಇನ್ನೊಂದು ಬೋರ್ಡು: ‘ಕಾಫಿ ಒಣಗಿಸುವ ಅನುಭವ, ತಲೆಗೆ 500 ರೂಪಾಯಿ.’ ನೂಕುನುಗ್ಗಲು ಕಣಪ್ಪ! ಕೂಲಿ ಕೊಟ್ಟು ಆಳು ಹುಡುಕ್ತಿದ್ದ ಮನೇಲಿ ಆಳೇ ಕೂಲಿ ಕೊಟ್ಟು ಕೆಲಸ ಮಾಡಿದ್ದು ಇದೇ ಮೊದಲು. ಕೊಳದಿಂದ ಎದ್ದು ಬಂದು, ತೊಟ್ಟಿಕ್ಕೋ ಮೈಯಲ್ಲೇ ಹಲಗೆ ಹಿಡಿದು ಎಳೆಯೋರು. ಹಿಂದಿಂದ ಮೇಸ್ತ್ರಿ ಅವ್ರು ಕೆಡಿಸಿದ್ದನ್ನ ಸರಿ ಮಾಡ್ಕೊಂಡು ಹೋಗೋನು. ದಿನಾ ಸಂಜೆ ಡಬ್ಬಕ್ಕೆ ತುಂಬಿ ತೂಗಿದ್ರೆ ತೂಕ ಏರ್ತಾನೇ ಹೋಯ್ತು.

ಮೊಮ್ಮಗ ಖುಷಿಯಾಗಿ ಆಲೂರಿಂದ ವ್ಯಾಪಾರೀನ ಕರೆಸಿದ. ಆತ ಬಗ್ಗಿ ಒಂದು ಹಿಡಿ ತಗೊಂಡ, ಆಡಿಸಿ ಕೇಳಿದ, ಮೂಗಿಗೆ ಹಿಡಿದ, ಇನ್ನೊಂದ್ಸಲ ಮೂಗಿಗೆ ಹಿಡಿದ. ‘ಗೌಡ್ರೇ, ರೇಟು ಹೇಳ್ತೀನಿ. ಮೊದ್ಲು ಇದು ಅರೇಬಿಕಾನೋ, ರೊಬಸ್ಟಾನೋ, ಕ್ಲೋರಿನ್ನೋ ಹೇಳಿಬಿಡಿ’ ಅಂದ.